ರಾತ್ರಿ ತೋಟದ ಕಡೆಯಿಂದ ಕೋವಿ ಸದ್ದು: ಯಾರದ್ದು, ಎಷ್ಟು ಅಪಾಯ, ದೂರು ಯಾರಿಗೆ?

ಭತ್ತ ಹಾಲುಗಟ್ಟುವ ಕಾಲ, ಹಲಸು ಹಣ್ಣಾಗುವ ಕಾಲ, ಜೋಳದ ತೆನೆ ಬಲಿಯುವ ಕಾಲ. ಈ ಮೂರು ಹೊತ್ತಿನಲ್ಲಿ ಕಾಡಂಚಿನ ಊರುಗಳಲ್ಲಿ ರಾತ್ರಿ ಒಂದು ಗಂಟೆಗೋ ಎರಡು ಗಂಟೆಗೋ 'ಢಂ' ಎಂದು ಸದ್ದಾಗುತ್ತದೆ. ನಾಯಿಗಳು ಒಟ್ಟಿಗೆ ಬೊಗಳುತ್ತವೆ, ಕೊಟ್ಟಿಗೆಯಲ್ಲಿ ದನ ಎದ್ದು ನಿಲ್ಲುತ್ತವೆ, ಮಲಗಿದ್ದವರು ಮತ್ತೊಂದು ಸದ್ದಿಗೆ ಕಿವಿಗೊಟ್ಟು ಕೂರುತ್ತಾರೆ. ಬೆಳಿಗ್ಗೆ ಕೇಳಿದರೆ 'ಯಾರೋ ಹಂದಿ ಓಡಿಸಿದ್ದಿರಬೇಕು' ಎನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಮುಗಿಯದಿರುವುದಕ್ಕೂ ಕಾರಣವಿದೆ. ಒಂಟಿ ಮನೆಗಳು ತೋಟದ ನಡುವೆ ಏಳುತ್ತಿವೆ, ನಸುಕಿನಲ್ಲಿ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರಿದ್ದಾರೆ, ಡೈರಿಗೆ ಹಾಲು ಹೊರುವವರಿದ್ದಾರೆ. ರಾತ್ರಿಯ ಗುಂಡು ಇವರೆಲ್ಲರ ದಾರಿಯನ್ನು ದಾಟಿ ಹೋಗುತ್ತದೆ. ಆದರೆ 'ರಾತ್ರಿ ಯಾರೋ ಗುಂಡು ಹೊಡೀತಾರೆ' ಎಂಬ ಒಂದು ಸಾಲಿನ ದೂರಿನಿಂದ ಪೊಲೀಸರು ಏನನ್ನೂ ಮಾಡಲಾರರು. ಸದ್ದು ಯಾವುದರದ್ದು, ಯಾವ ದಿಕ್ಕಿನದ್ದು, ಎಷ್ಟು ಹೊತ್ತಿಗೆ ಬಂತು ಎಂಬುದು ಕಾಗದದ ಮೇಲಿದ್ದರೆ ಮಾತ್ರ ದೂರಿಗೆ ಕಾಲು ಬರುತ್ತದೆ.

ಮೊದಲು ಸದ್ದನ್ನು ಗುರುತಿಸಿ

ಎಲ್ಲ 'ಢಂ'ಗಳೂ ಕೋವಿಯವಲ್ಲ. ಕರಾವಳಿ, ಮಲೆನಾಡುಗಳಲ್ಲಿ ಆನೆ, ಹಂದಿ ಓಡಿಸಲು ಗರ್ನಾಲು ಎಂಬ ದೊಡ್ಡ ಪಟಾಕಿ ಸಿಡಿಸುವುದು ಮಾಮೂಲು. ಗರ್ನಾಲಿನ ಸದ್ದು ಗುಂಡಗೆ, ಎಲ್ಲ ದಿಕ್ಕಿಗೂ ಒಂದೇ ಸಮ ಹರಡುತ್ತದೆ. ಅದರ ಹಿಂದೆಯೇ ಜನರ ಕೂಗು, ತಗಡು ಬಡಿಯುವ ಸದ್ದು ಕೇಳುತ್ತದೆ, ಏಕೆಂದರೆ ಓಡಿಸುವವನಿಗೆ ಗುಟ್ಟು ಬೇಕಿಲ್ಲ. ಬೇಟೆಗಾರನಾದರೆ ಗುಂಡು ಹೊಡೆದ ಮೇಲೆ ಉಸಿರು ಬಿಗಿ ಹಿಡಿದು ಕೂರುತ್ತಾನೆ. ಸದ್ದಿನ ನಂತರದ ಮೌನ ಕೂಡ ಒಂದು ಗುರುತೇ.

ಸದ್ದು ನಿಗದಿತ ಅಂತರದಲ್ಲಿ, ಗಡಿಯಾರ ಹಿಡಿದಂತೆ ಬರುತ್ತಿದ್ದರೆ ಅದು ಗ್ಯಾಸ್‌ನಿಂದ ನಡೆಯುವ, ಹಕ್ಕಿ-ಹಂದಿ ಬೆದರಿಸುವ ಯಂತ್ರ. ಅದರಿಂದ ಗುಂಡು ಹೊರಡುವುದಿಲ್ಲ. ಪೈಪಿನಲ್ಲಿ ಕಾರ್ಬೈಡ್ ಮತ್ತು ನೀರು ಸೇರಿಸಿ ಹೊತ್ತಿಸುವ 'ಕಾರ್ಬೈಡ್ ಗನ್' ಕೂಡ ಗುಂಡಿಲ್ಲದ್ದೇ. ಅಲ್ಲಿ ಅಪಾಯ ದೂರದವನಿಗಲ್ಲ, ಹೊತ್ತಿಸುವವನಿಗೆ. ಕಾರ್ಬೈಡ್‌ಗೆ ನೀರು ಸೋಕಿದಾಗ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ಒಮ್ಮೆ ಹೊತ್ತದಿದ್ದರೆ 'ಏನಾಯ್ತು' ಎಂದು ಪೈಪಿನೊಳಗೆ ಇಣುಕುತ್ತಾರೆ, ಆಗಲೇ ಹೊತ್ತಿಕೊಂಡು ಕಣ್ಣು ಹೋಗುತ್ತದೆ.

ಇನ್ನು ನಿಜವಾದ ಕೋವಿಗಳು. ನಮ್ಮ ಹಳ್ಳಿಗಳಲ್ಲಿ ಮುಖ್ಯವಾಗಿ ಎರಡು ಬಗೆ ಇವೆ.

ಒಂದು ಕೇಪಿನ ಕೋವಿ. ನಳಿಗೆಯ ಬಾಯಿಂದ ಕರಿಮದ್ದು ಸುರಿಯಬೇಕು, ಮೇಲೆ ತೆಂಗಿನ ನಾರು ತುರುಕಿ ಗಜವೆಂಬ ಸರಳಿನಿಂದ ಜಡಿಯಬೇಕು, ಆಮೇಲೆ ಚರೆ (ಸೀಸದ ಸಣ್ಣ ಗೋಲಿಗಳು) ಅಥವಾ ಗುಂಡು, ಮತ್ತೆ ನಾರು, ಕೊನೆಗೆ ಹಿಂಬದಿಯ ಮೊಲೆಯ ಮೇಲೆ ಕೇಪು (ಬಡಿದರೆ ಕಿಡಿ ಹಾರಿಸುವ ಪುಟ್ಟ ಮುಚ್ಚಳ). ಕತ್ತಲಲ್ಲಿ ಇಷ್ಟು ಮಾಡಲು ಒಂದೆರಡು ನಿಮಿಷವಾದರೂ ಬೇಕು. ಹಾಗಾಗಿ ಒಂಟಿ ನಳಿಗೆಯ ಕೇಪಿನ ಕೋವಿಯಿಂದ ಬೆನ್ನುಬೆನ್ನಿಗೆ ಎರಡು ಸದ್ದು ಬರಲಾರದು. ಕರಿಮದ್ದು ನಿಧಾನವಾಗಿ ಉರಿಯುವುದರಿಂದ ಸದ್ದು ದಪ್ಪ, ತುಸು ಎಳೆದಂತೆ. ಮಳೆಗಾಲದಲ್ಲಿ ಮದ್ದು ತೇವ ಹಿಡಿದರೆ ಕೇಪು 'ಟಿಕ್' ಎಂದು ಸುಮ್ಮನಾಗಿ, ಒಂದೆರಡು ಕ್ಷಣ ಬಿಟ್ಟು ಹಾರುವುದೂ ಉಂಟು. ಅಷ್ಟರಲ್ಲಿ ಹಿಡಿದವನು ಕೋವಿಯನ್ನು ಬೇರೆ ಕಡೆ ತಿರುಗಿಸಿರುತ್ತಾನೆ. ಈ ಕೋವಿಯ ಅನೇಕ ಅನಾಹುತಗಳು ಆಗುವುದು ಹೀಗೆ.

ಎರಡನೆಯದು ತೋಟೆ ಕೋವಿ. ಹಿಂಬದಿ ಮಡಚಿ ತೆರೆದು ತೋಟೆ (ಮದ್ದು, ಚರೆ ಮೊದಲೇ ತುಂಬಿದ ಕೊಳವೆ) ತುಂಬುವ ಇದರಲ್ಲಿ ಒಂಟಿ ನಳಿಗೆ, ಜೋಡಿ ನಳಿಗೆ ಎರಡೂ ಇವೆ. ಸದ್ದು ಚುರುಕು, ಸೀಳಿದಂತೆ. ಜೋಡಿ ನಳಿಗೆಯಾದರೆ ಎರಡು ಗುಂಡು ಅರೆಕ್ಷಣದ ಅಂತರದಲ್ಲಿ ಬರಬಹುದು, ಮತ್ತೆ ತುಂಬಲು ಹತ್ತು ಸೆಕೆಂಡು ಸಾಕು. ಐದಾರು ಗುಂಡು ಒಂದೇ ನಿಮಿಷದಲ್ಲಿ ಕೇಳಿದರೆ ಅದು ಒಂದು ಕೇಪಿನ ಕೋವಿಯ ಕೆಲಸವಂತೂ ಅಲ್ಲ.

ಬೆಳಕೂ ಇಲ್ಲ, ವಾಹನವೂ ಇಲ್ಲ, ಮನುಷ್ಯರ ಸುಳಿವೂ ಇಲ್ಲ, ನಡುರಾತ್ರಿ ಒಂದೇ ಒಂದು ಸದ್ದು. ಇದು ಎಲ್ಲಕ್ಕಿಂತ ಕೆಟ್ಟದ್ದು. ಪ್ರಾಣಿ ಓಡಾಡುವ ಜಾಡಿಗೆ ಅಡ್ಡಲಾಗಿ ತಂತಿ ಕಟ್ಟಿ, ಅದಕ್ಕೆ ಕೋವಿಯ ಕುದುರೆ (ಟ್ರಿಗರ್) ಬಿಗಿದಿಟ್ಟಿರಬಹುದು, ಇಲ್ಲವೇ ತಿನಿಸಿನೊಳಗೆ ಹುದುಗಿಸಿದ ಸಿಡಿಮದ್ದು ಇರಬಹುದು. ಎರಡಕ್ಕೂ ಹಂದಿ ಯಾವುದು, ದನ ಯಾವುದು, ಶಾಲೆಗೆ ಹೋಗುವ ಮಗು ಯಾವುದು ಎಂಬುದು ಗೊತ್ತಿಲ್ಲ. 2020ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಸತ್ತದ್ದು ಇಂಥದೇ ಸಿಡಿಮದ್ದಿನ ಹಣ್ಣು ಕಚ್ಚಿ. ಬೆಳಿಗ್ಗೆ ಆ ಜಾಗಕ್ಕೆ ನೋಡಲು ಹೋಗಬೇಡಿ. ನಾಯಿಯನ್ನೂ ಕಟ್ಟಿಹಾಕಿ. ನಾಯಿ ಬಾಯಲ್ಲಿ ಕಚ್ಚಿ ಅಂಗಳಕ್ಕೆ ತಂದುಬಿಡುತ್ತದೆ.

ರಾತ್ರಿ ಸದ್ದು ಅಷ್ಟು ಹತ್ತಿರ ಕೇಳುವುದೇಕೆ?

ಹಗಲಲ್ಲಿ ನೆಲ ಕಾದಿರುತ್ತದೆ, ನೆಲಕ್ಕೆ ತಾಗಿದ ಗಾಳಿ ಬಿಸಿ, ಮೇಲಿನದು ತಂಪು. ಬಿಸಿಗಾಳಿಯಲ್ಲಿ ಸದ್ದಿನ ವೇಗ ಹೆಚ್ಚು. ಹಾಗಾಗಿ ಸದ್ದು ಮೇಲಕ್ಕೆ ಬಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ರಾತ್ರಿ ಇದು ತಿರುಗುಮುರುಗು. ನೆಲ ತಣ್ಣಗಾಗಿ ಕೆಳಗಿನ ಗಾಳಿ ತಂಪಾಗುತ್ತದೆ, ಮೇಲೆ ಬೆಚ್ಚಗಿನ ಪದರ ನಿಲ್ಲುತ್ತದೆ. ಮೇಲೆ ಹೋದ ಸದ್ದು ಬಾಗಿ ಮತ್ತೆ ನೆಲಕ್ಕೇ ಇಳಿಯುತ್ತದೆ. ಮಂಜು ಮುಸುಕಿದ, ಗಾಳಿಯಿಲ್ಲದ ಕಣಿವೆಯಲ್ಲಿ ಮೂರು ಕಿಲೋಮೀಟರ್ ಆಚೆಯ ಸದ್ದು ಮನೆ ಹಿಂದಿನಿಂದಲೇ ಬಂದಂತೆ ಕೇಳುವುದು ಇದರಿಂದ. ಹಗಲಿನ ವಾಹನ, ಪಂಪ್‌ಸೆಟ್‌ಗಳ ಗದ್ದಲ ಇಲ್ಲದಿರುವುದೂ ಸೇರಿಕೊಳ್ಳುತ್ತದೆ.

ಕೋವಿಯ ಬಾಯಿಯ ಹತ್ತಿರ ಸದ್ದು 150 ಡೆಸಿಬೆಲ್ ದಾಟುತ್ತದೆ. ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹೀಗೆ ಇಳಿದೂ ಒಂದು ಕಿಲೋಮೀಟರ್ ಆಚೆ ನಿದ್ದೆ ಕೆಡಿಸುವಷ್ಟು ಉಳಿದಿರುತ್ತದೆ. ಆದ್ದರಿಂದ ಸದ್ದಿನ ಜೋರಿನಿಂದ ದೂರ ಅಳೆಯಲು ಹೋಗಬೇಡಿ.

ದಿಕ್ಕೂ ಮೋಸ ಮಾಡುತ್ತದೆ. ಗುಡ್ಡಗಳ ನಡುವೆ ಮೊದಲು ನೇರ ಸದ್ದು ಬರುತ್ತದೆ, ಅದರ ಬೆನ್ನಿಗೆ ಎದುರು ಗುಡ್ಡದ ಮಾರ್ದನಿ. ಕೆಲವೊಮ್ಮೆ ಮಾರ್ದನಿಯೇ ಹೆಚ್ಚು ಜೋರು. ನಂಬಬೇಕಾದದ್ದು ಮೊದಲು ಬಂದ ಸದ್ದನ್ನು. ಇನ್ನೊಂದು ತೊಡಕು: ಗುಂಡು ಸದ್ದಿಗಿಂತ ವೇಗವಾಗಿ ಹೋಗುತ್ತಿದ್ದರೆ ಅದೇ ಗಾಳಿಯನ್ನು ಸೀಳಿ 'ಟಪ್' ಎಂಬ ಚಾವಟಿ ಸದ್ದು ಮಾಡುತ್ತದೆ. ಗುಂಡು ನಿಮ್ಮ ಪಕ್ಕದಿಂದ ಹಾದರೆ ಮೊದಲು ಈ 'ಟಪ್', ಆಮೇಲೆ ಕೋವಿಯ 'ಢಂ'. ಚಾವಟಿ ಸದ್ದು ಕೋವಿಯಿದ್ದ ಕಡೆಯನ್ನು ತೋರಿಸುವುದಿಲ್ಲ, ಗುಂಡು ಹಾದ ದಾರಿಯನ್ನು ತೋರಿಸುತ್ತದೆ. 'ಟಪ್-ಢಂ' ಎಂದು ಎರಡು ಬಗೆಯ ಸದ್ದು ಬಿಡಿಯಾಗಿ ಕೇಳಿತೆಂದರೆ ಗುಂಡು ನಿಮ್ಮ ಕಡೆಗೇ ಬಂದಿದೆ ಎಂದು ತಿಳಿದು, ಆ ಕ್ಷಣವೇ ಒಳಗೆ ಹೋಗಿ.

ಗುಂಡು ಎಲ್ಲಿಯವರೆಗೆ ಹೋಗುತ್ತದೆ?

ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಬೇಟೆಗಾರನಿಗೆ ಕಾಣುವುದು ಎರಡು ಹೊಳೆಯುವ ಕಣ್ಣು. ದೇಹದ ಆಕಾರ ಅರೆಬರೆ, ಅದರ ಹಿಂದೆ ಏನಿದೆ ಎಂಬುದು ಸೊನ್ನೆ. ಗುಂಡು ಮಾತ್ರ ಬೆಳಕು ಮುಗಿದಲ್ಲಿ ನಿಲ್ಲುವುದಿಲ್ಲ.

ಚರೆ ಎಷ್ಟು ದಪ್ಪವೋ ಅಷ್ಟು ದೂರ ಹಾರುತ್ತದೆ. ಹಕ್ಕಿಗೆ ಹೊಡೆಯುವ 6ನೇ ನಂಬರಿನ ಸಣ್ಣ ಚರೆ 200 ಮೀಟರ್‌ಗಿಂತ ತುಸು ಆಚೆ ಉದುರುತ್ತದೆ. ಅದಕ್ಕಿಂತ ದಪ್ಪನೆಯ ಬಿಬಿ ಚರೆ 350 ಮೀಟರ್ ಆಸುಪಾಸು. ಹಂದಿಗೆಂದು ಬಳಸುವ ಎಸ್‌ಜಿ, ಎಲ್‌ಜಿ ತೋಟೆಗಳ ದಪ್ಪ ಚರೆ 600ರಿಂದ 700 ಮೀಟರ್‌ವರೆಗೂ ಹೋಗಬಲ್ಲದು. ಒಂಟಿ ಗುಂಡು ಕಿಲೋಮೀಟರ್ ದಾಟಬಹುದು. ಇವು ಕೊಲ್ಲುವ ದೂರಗಳಲ್ಲ, ಬೀಳುವ ದೂರಗಳು. ಆದರೆ ಕಣ್ಣು ಕಳೆಯಲು ಬೀಳುವ ಚರೆಯೇ ಸಾಕು.

ಹೆಂಚಿನ ಮೇಲೆ 'ಚಟಚಟ' ಎಂದು ಉದುರಿದ ಸದ್ದು ಕೇಳಿದರೆ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಬೆಳಿಗ್ಗೆ ಮಾಡಿನ ದೋಣಿಯಲ್ಲಿ, ಅಂಗಳದಲ್ಲಿ ಸೀಸದ ಚರೆ ಸಿಕ್ಕರೆ ಅದು ಇದ್ದಲ್ಲೇ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಎತ್ತಿಕೊಳ್ಳುವುದು ಪೊಲೀಸರು ಬಂದ ಮೇಲಾಗಲಿ. ಚರೆಯ ದಪ್ಪ ಅಳೆದರೆ ಕೋವಿ ಎಷ್ಟು ದೂರದೊಳಗೆ ಇತ್ತು ಎಂಬುದು ಸುಮಾರಾಗಿ ಹೇಳಬರುತ್ತದೆ.

ಕಾನೂನಿನ ಮೂರು ಪ್ರಶ್ನೆ

ಇಲ್ಲಿ ಜನ ಗೊಂದಲಗೊಳ್ಳುವುದು ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಮಾಡಿಕೊಳ್ಳುವುದರಿಂದ. ಕೋವಿ ಇಟ್ಟುಕೊಳ್ಳುವ ಹಕ್ಕು ಒಂದು. ಅದನ್ನು ಹಾರಿಸುವ ರೀತಿ ಇನ್ನೊಂದು. ಪ್ರಾಣಿಗೆ ಹೊಡೆಯುವುದು ಮತ್ತೊಂದು. ಬೈಕಿನ ಆರ್‌ಸಿ ಇದ್ದ ಮಾತ್ರಕ್ಕೆ ಕುಡಿದು ಓಡಿಸುವಂತಿಲ್ಲ, ಅಂಗಡಿ ಮುಂಗಟ್ಟಿಗೆ ನುಗ್ಗಿಸುವಂತೆಯೂ ಇಲ್ಲ. ಹಾಗೆಯೇ ಇದು.

ಇಟ್ಟುಕೊಳ್ಳುವ ಮಾತು 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಸೇರಿದ್ದು. ಬೆಳೆ ರಕ್ಷಣೆಗೆಂದು ಬಾಯಿಂದ ತುಂಬುವ ಕೋವಿಗೆ, ಆತ್ಮರಕ್ಷಣೆ ಅಥವಾ ಕ್ರೀಡೆಗೆಂದು ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಗೆ ಪರವಾನಗಿ ಕೊಡುವ ಬಗ್ಗೆ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಜಿಲ್ಲೆಗಳಲ್ಲಿ ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ, ಒಬ್ಬರಿಗೆ ಹೆಚ್ಚೆಂದರೆ ಎರಡು ಕೋವಿ. ಪರವಾನಗಿಯಿಲ್ಲದ ಕೋವಿ ಇಟ್ಟುಕೊಂಡರೆ 2 ವರ್ಷಕ್ಕೆ ಕಡಿಮೆಯಿಲ್ಲದ, 5 ವರ್ಷದವರೆಗಿನ ಜೈಲು ಮತ್ತು ದಂಡ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಪರವಾನಗಿ ಬೇಕೆಂದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಇದು ವನ್ಯಜೀವಿ ಕಾಯ್ದೆಯ 34ನೇ ಕಲಮು.

ಹಾರಿಸುವ ರೀತಿಗೆ ಸಂಬಂಧಿಸಿ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಸೇರಿದ 25(9)ನೇ ಕಲಮು ನಮಗೆ ಹೆಚ್ಚು ಮುಖ್ಯ. ಬೇರೆಯವರ ಜೀವಕ್ಕೆ ಅಥವಾ ಸುರಕ್ಷತೆಗೆ ಅಪಾಯವಾಗುವಂತೆ ಕೋವಿಯನ್ನು ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಬಳಸಿದರೆ, ಸಂಭ್ರಮಕ್ಕೆಂದು ಹಾಗೆ ಹಾರಿಸಿದರೂ ಸರಿ, 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೋವಿಗೆ ಪರವಾನಗಿ ಇದೆ ಎಂಬುದು ಇಲ್ಲಿ ರಕ್ಷಣೆಯಲ್ಲ. ಯಾರಿಗೂ ಗಾಯವಾಗಿರಬೇಕೆಂದೂ ಇಲ್ಲ. ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮು, ಅಂದರೆ ಇತರರ ಜೀವಕ್ಕೆ ಅಪಾಯ ತರುವ ದುಡುಕಿನ ಕೆಲಸವೂ ಸೇರಬಹುದು.

ಮೂರನೆಯದು 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆ. ಇದರಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಕೊಲ್ಲಲು ಯತ್ನಿಸುವುದು, ಉರುಳು ಹಾಕುವುದು, ಆಮಿಷ ಇಡುವುದು ಎಲ್ಲವೂ ಬೇಟೆಯೇ. 'ಗುರಿ ತಪ್ಪಿತು ಸ್ವಾಮಿ, ಏನೂ ಸಾಯಲಿಲ್ಲ' ಎಂಬ ಸಮಜಾಯಿಷಿ ನಡೆಯುವುದಿಲ್ಲ. ಸಾಮಾನ್ಯ ಶಿಕ್ಷೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ಕಾಯ್ದೆಯ ಒಂದನೇ ಅನುಸೂಚಿಯ, ಅಂದರೆ ಪಟ್ಟಿಯ, ಪ್ರಾಣಿಯಾದರೆ (ಆನೆ, ಕಾಡುಕೋಣ, ನವಿಲು ಇದರಲ್ಲಿವೆ) ಅಥವಾ ಅಭಯಾರಣ್ಯದೊಳಗೆ ಬೇಟೆಯಾಡಿದರೆ 3ರಿಂದ 7 ವರ್ಷ. ಅಪರಾಧಕ್ಕೆ ಬಳಸಿದ್ದು ಸಾಬೀತಾದರೆ ಜಪ್ತಿಯಾದ ಕೋವಿ, ವಾಹನ ಸರ್ಕಾರದ ಸೊತ್ತಾಗುತ್ತದೆ.

ಹಾಗಾದರೆ ಹಂದಿ? ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯ ತಂದಿದೆ ಎಂದು ಮನವರಿಕೆಯಾದರೆ ಅಧಿಕಾರ ಪಡೆದ ಅರಣ್ಯಾಧಿಕಾರಿ ಕಾರಣ ಬರೆದು ಲಿಖಿತ ಆದೇಶದ ಮೂಲಕ ಹೊಡೆಯಲು ಅನುಮತಿ ಕೊಡಬಹುದು, 11ನೇ ಕಲಮು ಅಷ್ಟು ಅವಕಾಶ ಇಟ್ಟಿದೆ. ಗಮನಿಸಬೇಕಾದ ಮಾತು 'ಲಿಖಿತ'. ಬೆಳೆ ರಕ್ಷಣೆಯ ಕೋವಿ ಪರವಾನಗಿಯೇ ಹಂದಿ ಹೊಡೆಯುವ ಅನುಮತಿ ಎಂದು ಬಹಳ ಮಂದಿ ನಿಜವಾಗಿಯೂ ನಂಬಿದ್ದಾರೆ. ಅದು ತಪ್ಪು. ಪರವಾನಗಿಯ ಬಲದಲ್ಲಿ ಬೆದರಿಸಲು ಗಾಳಿಗೆ ಹಾರಿಸಬಹುದೇ ಹೊರತು ಪ್ರಾಣಿಯತ್ತ ಗುರಿಯಿಟ್ಟ ಕೂಡಲೇ ಇನ್ನೊಂದು ಕಾಯ್ದೆಯ ಅಂಗಳಕ್ಕೆ ಕಾಲಿಟ್ಟಂತೆ.

ಕೊಡಗಿನಲ್ಲಿ ಕೇಳಿದರೆ

ಕೊಡಗಿನ ಲೆಕ್ಕ ಸ್ವಲ್ಪ ಬೇರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಹಿಂದಿನಿಂದಲೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಗುಂಡು ಹಾರುತ್ತದೆ, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಸಂಪ್ರದಾಯವಿದೆ. ನಡುರಾತ್ರಿ ಎರಡು ಸದ್ದು ಕೇಳಿ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವ ಮುನ್ನ, ಹೊಸದಾಗಿ ಬಂದು ನೆಲೆಸಿದವರು ನೆರೆಯವರನ್ನೊಮ್ಮೆ ಕೇಳುವುದು ಒಳ್ಳೆಯದು. ಆದರೆ ವಿನಾಯಿತಿ ಇರುವುದು ಪರವಾನಗಿಗೆ ಮಾತ್ರ. ಬೇಟೆಗೂ ಇಲ್ಲ, ನಿರ್ಲಕ್ಷ್ಯಕ್ಕೂ ಇಲ್ಲ.

ಶಬ್ದಮಾಲಿನ್ಯದ ದಾರಿ ಏಕೆ ಫಲಿಸದು?

ಹಲವರು ಮೊದಲು ಯೋಚಿಸುವುದು ಡೆಸಿಬೆಲ್ ಅಳೆಸಲು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಮಿತಿ 45 ಡೆಸಿಬೆಲ್, ನಿಜ. ಆದರೆ ಅದು ಸರಾಸರಿಯ ಮಿತಿ. ಮನೆಯ ಬಳಿ 90 ಡೆಸಿಬೆಲ್ ಮುಟ್ಟಿ, ಸೆಕೆಂಡಿನ ಹತ್ತನೇ ಒಂದು ಭಾಗ ಇರುವ ಗುಂಡಿನ ಸದ್ದನ್ನು ಒಂದು ಗಂಟೆಯ ಮೇಲೆ ಹರಡಿದರೆ ಬರುವುದು ಸುಮಾರು 44. ಇಡೀ ರಾತ್ರಿಯ ಮೇಲೆ ಹರಡಿದರೆ 35. ನಿಮ್ಮನ್ನು ಹಾಸಿಗೆಯಿಂದ ಎಬ್ಬಿಸಿದ ಸದ್ದು ಯಂತ್ರದ ಕಾಗದದ ಮೇಲೆ ಕಾಣೆಯಾಗಿರುತ್ತದೆ.

ಈ ನಿಯಮ ಕೆಲಸಕ್ಕೆ ಬರುವುದು ಪಟಾಕಿ, ಗರ್ನಾಲಿನ ವಿಷಯದಲ್ಲಿ. ರಾತ್ರಿ 10ರಿಂದ 6ರವರೆಗೆ ಸದ್ದಿನ ಪಟಾಕಿ ಸಿಡಿಸುವಂತಿಲ್ಲ ಎಂದು ನೇರವಾಗಿಯೇ ಇದೆ, ಅಳತೆ ಬೇಕಿಲ್ಲ. ಆನೆ ಗದ್ದೆಗಿಳಿದ ರಾತ್ರಿ ಅದನ್ನು ಯಾರೂ ಎತ್ತಿ ಆಡುವುದಿಲ್ಲ, ಅರಣ್ಯ ಸಿಬ್ಬಂದಿಯೇ ಪಟಾಕಿ ಸಿಡಿಸುತ್ತಾರೆ. ಕೋವಿಯ ವಿಷಯದಲ್ಲಂತೂ 'ಸದ್ದು' ಎಂದು ದೂರಬೇಡಿ, 'ಅಪಾಯ' ಎಂದು ದೂರಿ.

ಆ ರಾತ್ರಿ

ಒಳಗೇ ಇರಿ. ಹೆಂಚು, ಶೀಟು, ಮರದ ಬಾಗಿಲು ಗುಂಡು ತಡೆಯಲಾರವು. ಸದ್ದು ಬಂದ ಕಡೆಗೂ ನಿಮಗೂ ನಡುವೆ ಕಲ್ಲಿನದೋ ಇಟ್ಟಿಗೆಯದೋ ಗೋಡೆ ಇರುವ ಕೋಣೆಗೆ ಹೋಗಿ. ಅಂಗಳದ ದೀಪ ಹಾಕಿ, ಹೊಡೆಯುವವನಿಗೆ ಇಲ್ಲಿ ಮನೆಯಿದೆ ಎಂಬುದು ಗೊತ್ತಾಗಲಿ. ಟಾರ್ಚು ಹಿಡಿದು ತೋಟಕ್ಕಿಳಿಯುವುದು, ಸದ್ದು ಬಂದ ಕಡೆಗೆ ಬೆಳಕು ಬಿಡುವುದು ಬೇಡ. ನಿಮ್ಮ ಟಾರ್ಚಿನ ಮಿಣುಕು ದೂರದಿಂದ ಕಣ್ಣಿನ ಹೊಳಪಿನಂತೆಯೇ ಕಾಣಬಹುದು. ಮನೆಯಿಂದ ದೂರ, ಹೊರಗಿರುವಾಗಲೇ ಸದ್ದಾದರೆ ಬಗ್ಗಿ ಓಡಬೇಡಿ, ಬಗ್ಗಿ ಓಡುವುದು ಹಂದಿಯ ಆಕಾರ. ನೆಲಕ್ಕೆ ಕೂತು ಜೋರಾಗಿ ಕೂಗಿ. ಮಾತು ಆಡುವ ಪ್ರಾಣಿ ಒಂದೇ.

ಮನೆಯ ಹತ್ತಿರವೇ ಗುಂಡು ಬಿದ್ದಿದ್ದರೆ, ಅಪರಿಚಿತರು ಸುಳಿದಾಡುತ್ತಿದ್ದರೆ, ಯಾರದೋ ನರಳಾಟ ಕೇಳಿದರೆ ತಡಮಾಡದೆ 112. ಸದ್ದು ಕಾಡಿನ ಕಡೆಯದ್ದಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926.

ದಾಖಲೆ: ಒಂದು ಹಳೆ ನೋಟ್‌ಬುಕ್ ಸಾಕು

ಬರೆಯುವ ರೀತಿ ಹೀಗಿರಲಿ:

'ಅಕ್ಟೋಬರ್ 14, ಮಂಗಳವಾರ. ರಾತ್ರಿ 1:42. ಒಂದು ಸದ್ದು, ದಪ್ಪ. 1:45ಕ್ಕೆ ಇನ್ನೊಂದು, ಅದೇ ಕಡೆ. ಹಿತ್ತಲ ಮೆಟ್ಟಿಲಿಂದ ದಿಕ್ಸೂಚಿ 215. ಗಾಳಿ ಇಲ್ಲ, ಮಂಜು. 1:50ಕ್ಕೆ ಬೈಕ್ ಹೊರಟ ಸದ್ದು, ಕೆರೆ ಏರಿ ಕಡೆಗೆ. ಕೂಗು ಇಲ್ಲ.'

ಊಹೆ ಬರೆಯಬೇಡಿ. 'ಇಂಥವನೇ' ಎಂದು ಹೆಸರು ಬರೆದ ಕೂಡಲೇ ದಾಖಲೆ ಹೋಗಿ ಜಗಳದ ಕಾಗದವಾಗುತ್ತದೆ.

ದಿಕ್ಕಿಗೆ ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಕಬ್ಬಿಣದ ಸರಳಿನ ಕಿಟಕಿಯ ಪಕ್ಕ, ಕಾರಿನ ಪಕ್ಕ ನಿಂತರೆ ಅದು ಹತ್ತಿಪ್ಪತ್ತು ಡಿಗ್ರಿ ಸುಳ್ಳು ಹೇಳುತ್ತದೆ. ರಾತ್ರಿ ಸದ್ದು ಬಂದ ಕಡೆ ಕಾಣುವ ಮರವನ್ನೋ ಗುಡ್ಡದ ತುದಿಯನ್ನೋ ಮನೆಯೊಳಗಿಂದಲೇ ಗುರುತಿಟ್ಟುಕೊಂಡು, ಬೆಳಿಗ್ಗೆ ಅಂಗಳದಿಂದ ಅಳೆಯಿರಿ. ಒಂದು ಕಿಲೋಮೀಟರ್ ದೂರಕ್ಕೆ 5 ಡಿಗ್ರಿ ತಪ್ಪಿದರೆ ಜಾಗ ಸುಮಾರು 90 ಮೀಟರ್ ಆಚೀಚೆ ಆಗುತ್ತದೆ, ಅಷ್ಟು ನಡೆಯುತ್ತದೆ. ಒಂದೇ ಮನೆಯಿಂದ ಸಿಗುವುದು ಒಂದು ಗೆರೆ ಮಾತ್ರ. ಅರ್ಧ ಕಿಲೋಮೀಟರ್ ಆಚೆಯ ಇನ್ನೊಂದು ಮನೆಯವರೂ ಅಳೆದರೆ ನಕ್ಷೆಯ ಮೇಲೆ ಎರಡು ಗೆರೆ ಕೂಡುವ ಜಾಗ ಸಿಗುತ್ತದೆ. ಕೋವಿಯ ಬಾಯಿಯ ಮಿಂಚು ಕಣ್ಣಿಗೆ ಬಿದ್ದಿದ್ದರೆ ಇನ್ನೂ ಸುಲಭ: ಮಿಂಚಿಗೂ ಸದ್ದಿಗೂ 3 ಸೆಕೆಂಡಿದ್ದರೆ ಒಂದು ಕಿಲೋಮೀಟರ್.

ಧ್ವನಿ ಮುದ್ರಣಕ್ಕೆ ಹಳೆ ಮೊಬೈಲನ್ನು ಚಾರ್ಜಿಗೆ ಹಾಕಿ ಕಿಟಕಿಯಲ್ಲಿಡಿ. ಹತ್ತಿರದ ಸದ್ದಿಗೆ ಮೈಕಿನ ಧ್ವನಿ ಒಡೆದು ಎಲ್ಲ ಒಂದೇ ತೆರನಾಗಿ ಕೇಳಿಸುವುದರಿಂದ ಕೋವಿಯ ಬಗೆ ಹೇಳಲು ಮುದ್ರಣ ಅಷ್ಟು ಉಪಯೋಗವಿಲ್ಲ. ಸಮಯ, ಸದ್ದುಗಳ ನಡುವಿನ ಅಂತರ, ಆಮೇಲಿನ ಮಾತು-ವಾಹನ ಇವಕ್ಕೆ ಬಹಳ ಉಪಯೋಗ. ಮೂಲ ಫೈಲನ್ನು ಕತ್ತರಿಸಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಅಳಿಸಬೇಡಿ. ನ್ಯಾಯಾಲಯಕ್ಕೆ ಹೋಗುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದಕ್ಕೆ ಮೂಲ ಫೈಲೂ ಅದನ್ನು ಮುದ್ರಿಸಿದ ಮೊಬೈಲೂ ಇರಬೇಕಾಗುತ್ತದೆ.

ದೂರು ಯಾರಿಗೆ, ಯಾವ ಕ್ರಮದಲ್ಲಿ

ಠಾಣೆಗೆ ಲಿಖಿತ ದೂರು, ಜೊತೆಗೆ ನೋಟ್‌ಬುಕ್ಕಿನ ಜೆರಾಕ್ಸ್ ಮತ್ತು ನಕ್ಷೆ. ಮನೆಗಳು, ಕಾಲುದಾರಿ, ಶಾಲೆ, ಡೈರಿ ಎಷ್ಟು ಮೀಟರ್ ದೂರದಲ್ಲಿವೆ ಎಂದು ನಕ್ಷೆಯಲ್ಲಿ ಬರೆಯಿರಿ. 25(9)ನೇ ಕಲಮು ಕೇಳುವ 'ಜೀವಕ್ಕೆ ಅಪಾಯ' ಎಂಬುದು ಅಲ್ಲಿಂದಲೇ ಸಿದ್ಧವಾಗುತ್ತದೆ. ಸ್ವೀಕೃತಿ ಪಡೆಯದೆ ಹೊರಬರಬೇಡಿ. ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಲು ಒಪ್ಪದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ರಂತೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು.

ಪ್ರಾಣಿಬೇಟೆಯ ಗುರುತುಗಳಿದ್ದರೆ (ರಕ್ತ, ಕೂದಲು, ಉರುಳು, ಖಾಲಿ ತೋಟೆ) ವಲಯ ಅರಣ್ಯಾಧಿಕಾರಿಗೂ ಒಂದು ಪ್ರತಿ ಹೋಗಲಿ. ನನ್ನ ಲೆಕ್ಕದಲ್ಲಿ ಜನ ಮರೆಯುವುದು ಜಿಲ್ಲಾಧಿಕಾರಿಯನ್ನು. ಪರವಾನಗಿ ಕೊಟ್ಟವರಿಗೇ ಅದನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಮಿನಲ್ಲಿದೆ, ಸಾರ್ವಜನಿಕ ಸುರಕ್ಷತೆ ಅದಕ್ಕೆ ಸಾಕಾದ ಕಾರಣ. ಇಲ್ಲಿ ಕ್ರಿಮಿನಲ್ ಮೊಕದ್ದಮೆಯಷ್ಟು ಬಿಗಿಯಾದ ಸಾಕ್ಷ್ಯ ಬೇಕಿಲ್ಲ. ಪರವಾನಗಿದಾರರಿಗೆ ಒಂದು ನೋಟಿಸ್ ಬಂದರೂ ಅನೇಕ ರಾತ್ರಿಗಳು ತಣ್ಣಗಾಗುತ್ತವೆ. ಇನ್ನೊಂದು ಸುಳಿವು: ಚುನಾವಣೆಯ ಹೊತ್ತಿನಲ್ಲಿ ಪರವಾನಗಿ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುತ್ತಾರೆ. ಆಗಲೂ ಸದ್ದು ಕೇಳಿದರೆ ಅದು ವಿನಾಯಿತಿ ಪಡೆದವರದ್ದು, ಇಲ್ಲವೇ ಲೆಕ್ಕದಲ್ಲೇ ಇಲ್ಲದ ಕಳ್ಳಕೋವಿ.

ಇಡೀ ಊರಿಗೆ ತೊಂದರೆಯಾಗಿದ್ದರೆ ಉಪವಿಭಾಗದ ಎ.ಸಿ.ಯವರಿಗೆ (ಅಸಿಸ್ಟೆಂಟ್ ಕಮಿಷನರ್) ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಂತೆ ಸಾರ್ವಜನಿಕ ಉಪದ್ರವ ನಿಲ್ಲಿಸುವ ಆದೇಶ ಕೋರಿ ಅರ್ಜಿ ಕೊಡಬಹುದು. ಒಬ್ಬರ ಸಹಿಗಿಂತ ಏಳು ಮನೆಯವರ ಸಹಿಗೆ ಅಲ್ಲಿ ತೂಕ ಹೆಚ್ಚು.

ಹೊಡೆಯುವವರು ಪಕ್ಕದ ತೋಟದವರೇ ಆಗಿದ್ದರೆ

ಎಷ್ಟೋ ಸಲ ಸಂಗತಿ ಇಷ್ಟೇ ಇರುತ್ತದೆ. ರಾತ್ರಿಯೆಲ್ಲ ಕಾದು ಕಣ್ಣು ಕೆಂಪಾದ ರೈತರ ಬಳಿ ಕಾಯ್ದೆಯ ಕಲಮು ಹಿಡಿದು ಹೋಗಬೇಡಿ, ಹಗಲು ಹೊತ್ತು ನಕ್ಷೆ ಹಿಡಿದು ಹೋಗಿ. 'ಅಣ್ಣಾ, ನಿಮ್ಮ ಗದ್ದೆಯಿಂದ ನಮ್ಮ ಕೊಟ್ಟಿಗೆ 280 ಮೀಟರ್. ನಾಲ್ಕೂವರೆಗೆ ಇವಳು ಹಾಲು ಕರೆಯೋಕೆ ಬರ್ತಾಳೆ' ಎಂದರೆ ಅರ್ಥವಾಗದವರು ಕಡಿಮೆ. ಅವರಿಗೆ ಕತ್ತಲಲ್ಲಿ ಆ ಕೊಟ್ಟಿಗೆ ಎಷ್ಟು ಹತ್ತಿರ ಎಂಬ ಅಂದಾಜೇ ಇರುವುದಿಲ್ಲ.

'ಅಟ್ಟಣಿಗೆ ಮೇಲಿಂದ ಕೆಳಕ್ಕೆ ಹೊಡೀತೀನಿ, ಗುಂಡು ನೆಲಕ್ಕೇ ಹೋಗುತ್ತೆ' ಎಂಬ ಸಮಾಧಾನ ಕೇಳಬಹುದು. 4 ಮೀಟರ್ ಎತ್ತರದಿಂದ 30 ಮೀಟರ್ ಆಚೆಗೆ ಹೊಡೆದರೆ ಗುಂಡು ನೆಲ ಮುಟ್ಟುವ ಓರೆ ಎಂಟು ಡಿಗ್ರಿಯೂ ಇಲ್ಲ. ನೀರು ನಿಂತ ಗದ್ದೆಯಲ್ಲಿ, ಕಲ್ಲುನೆಲದಲ್ಲಿ ಅಷ್ಟು ಓರೆಯಲ್ಲಿ ಬಿದ್ದದ್ದು ಪುಟಿದೇಳುತ್ತದೆ, ಕೆರೆಯ ಮೇಲೆ ಎಸೆದ ಹಂಚಿನ ಚೂರಿನಂತೆ.

ಮಾತು ಅಲ್ಲಿಗೆ ಬಂದ ಮೇಲೆ ಕೋವಿಯ ಬದಲಿಗೆ ಏನು ಎಂಬುದನ್ನೂ ಜೊತೆಗೇ ಮುಂದಿಡಿ. ಹಂದಿಗೆ ಸೋಲಾರ್ ಬೇಲಿಯ ಕೆಳಗಿನ ತಂತಿ ನೆಲದಿಂದ 20ರಿಂದ 25 ಸೆಂಟಿಮೀಟರ್‌ನಲ್ಲಿರಬೇಕು. ಮೇಲಿದ್ದರೆ ಮೂತಿ ತೂರಿಸಿ ಒಳಬರುತ್ತದೆ. ಹುಲ್ಲು ಬೆಳೆದು ತಂತಿಗೆ ತಾಗಿದರೆ ವಿದ್ಯುತ್ತೆಲ್ಲ ನೆಲಕ್ಕಿಳಿದು ಬೇಲಿ ಸತ್ತಂತೆಯೇ, ಆದ್ದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಡಿ ಸವರಬೇಕು. ಕಂಬದಿಂದ ನೇರ ಕರೆಂಟು ಎಳೆದು ತಂತಿಗೆ ಬಿಡುವುದು ಅಪರಾಧ, ಅದರಿಂದ ಮನುಷ್ಯರೇ ಸಾಯುತ್ತಾರೆ. ಗ್ಯಾಸಿನ ಸದ್ದುಯಂತ್ರ ಇಟ್ಟರೆ ಎರಡು ಮೂರು ದಿನಕ್ಕೊಮ್ಮೆ ಜಾಗವನ್ನೂ ಸದ್ದಿನ ಅಂತರವನ್ನೂ ಬದಲಿಸಬೇಕು, ಇಲ್ಲದಿದ್ದರೆ ವಾರದೊಳಗೆ ಹಂದಿ ಅದರ ಪಕ್ಕದಲ್ಲೇ ಮೇಯುತ್ತದೆ. ಬೆಳೆ ಹೋಗಿದ್ದರೆ ಅರಣ್ಯ ಇಲಾಖೆಯ ದಯಾತ್ಮಕ ಧನಕ್ಕೆ (ಬೆಳೆ ನಷ್ಟದ ಪರಿಹಾರ) ಅರ್ಜಿ ಹಾಕಲು, ಹಂದಿ ತುಳಿದ ಗದ್ದೆಯನ್ನು ಉಳುವ ಮುನ್ನ ಹೆಜ್ಜೆಯ ಗುರುತು ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಲು ಅವರಿಗೆ ಹೇಳಿ.